ರಸೀದಿ ಇಟ್ಟಿದ್ದೀರಾ, ಸ್ವಾಮಿ?

ಅಮೆರಿಕದಲ್ಲಿ ಪೆನ್‌ಜಾಯಿಲ್ ಎಂಬ ಎಂಜಿನ್ ಎಣ್ಣೆ ಮಾರುತ್ತಾರೆ. ಅದರ ಪ್ಲಾಟಿನಂ ದರ್ಜೆಯದನ್ನೇ ಬಿಡದೆ ಹಾಕಿಸಿಕೊಂಡು ಬಂದವರ ಎಂಜಿನ್‌ಗೆ ಕಂಪನಿಯ ವಾರಂಟಿ ಉಂಟು: 15 ವರ್ಷ ಅಥವಾ 5 ಲಕ್ಷ ಮೈಲಿ, ಯಾವುದು ಮೊದಲೋ ಅದು. 5 ಲಕ್ಷ ಮೈಲಿ ಎಂದರೆ ನಮ್ಮ ಲೆಕ್ಕದಲ್ಲಿ 8 ಲಕ್ಷ ಕಿಲೋಮೀಟರ್. ಭೂಮಿಗೆ ಇಪ್ಪತ್ತು ಪ್ರದಕ್ಷಿಣೆ. ತಿರುಪತಿ ತಿಮ್ಮಪ್ಪನೂ ಭಕ್ತರಿಂದ ಇಷ್ಟು ಪ್ರದಕ್ಷಿಣೆ ಕೇಳುವುದಿಲ್ಲ, ಕೇಳಿದರೂ ಜತೆಗೆ ಬಿಲ್ಲು ತೋರಿಸು ಎನ್ನುವುದಿಲ್ಲ.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಆ 5 ಲಕ್ಷ. ಕೆಲಸ ಮಾಡುವುದು ಮಾತ್ರ ಪಕ್ಕದಲ್ಲಿ ಸಂಕೋಚದಿಂದ ಕೂತಿರುವ 15. ಅಮೆರಿಕದ ಹೆದ್ದಾರಿ ಇಲಾಖೆಯ ಲೆಕ್ಕದಲ್ಲಿ ಅಲ್ಲಿನ ಚಾಲಕ ಸರಾಸರಿ ವರ್ಷಕ್ಕೆ 13,500 ಮೈಲಿ ಓಡಿಸುತ್ತಾನೆ. ಹದಿನೈದರಿಂದ ಗುಣಿಸಿ ನೋಡಿ, 2 ಲಕ್ಷದ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಅಷ್ಟರಲ್ಲಿ ವರ್ಷ ಮುಗಿದು ವಾರಂಟಿಯೂ ಮುಗಿಯಿತು. ಉಳಿದ 3 ಲಕ್ಷ ಮೈಲಿ ಮದುವೆಮನೆ ಚಪ್ಪರದ ಬಾಳೆಗೊನೆಯ ಹಾಗೆ, ನೋಡುವುದಕ್ಕೆ. ಅದನ್ನೂ ಸೇರಿಸಿ ವಸೂಲು ಮಾಡಿಯೇ ತೀರುತ್ತೇನೆ ಎನ್ನುವವನು ವರ್ಷಕ್ಕೆ 33 ಸಾವಿರ ಮೈಲಿಗೂ ಹೆಚ್ಚು ಓಡಿಸಬೇಕು. ಹಾಗೆ ಓಡಿಸುವವನಿಗೆ ಎಂಜಿನ್‌ಗಿಂತ ಮೊದಲು ಸೊಂಟ ಕೈಕೊಡುತ್ತದೆ, ಸೊಂಟಕ್ಕೆ ಯಾವ ಎಣ್ಣೆ ಕಂಪನಿಯೂ ವಾರಂಟಿ ಬರೆದುಕೊಟ್ಟಿಲ್ಲ.

ಪೆನ್‌ಜಾಯಿಲ್ ಒಂದನ್ನೇ ದೂರಿ ಫಲವಿಲ್ಲ. ವಾಲ್ವೊಲೀನ್ ಒಂದು ಕಾಲದಲ್ಲಿ 3 ಲಕ್ಷ ಮೈಲಿಯ ಎಂಜಿನ್ ಗ್ಯಾರಂಟಿ ಎಂದು ಡಂಗುರ ಹೊಡೆಸಿತ್ತು. 2000ದಲ್ಲಿ ಮ್ಯಾಕ್ಸ್‌ಲೈಫ್ ಎಂಬ ಎಣ್ಣೆ ತಂದು, 75,000 ಮೈಲಿ ದಾಟಿದ ಕಾರುಗಳಿಗೆ ಬೇರೆಯದೇ ಎಣ್ಣೆ ಬೇಕು ಎಂದು ಜಗತ್ತಿಗೆ ಕಲಿಸಿದ್ದೂ ಅದೇ ಕಂಪನಿ. ವಯಸ್ಸಾದ ಕಾರಿಗೆ ಬೇರೆ ಎಣ್ಣೆ, ಬೇರೆ ಬೆಲೆ. ಇದರಲ್ಲಿ ತಕರಾರಿಲ್ಲ. ಗಟ್ಟಿಯಾಗಿ ಒಣಗಿದ ಸೀಲುಗಳನ್ನು ಮೆತ್ತಗೆ ಮಾಡುವ ರಾಸಾಯನಿಕ ಅದರಲ್ಲಿ ನಿಜಕ್ಕೂ ಇರುತ್ತದೆ. ತಕರಾರು ಇರುವುದು ಎಣ್ಣೆಯ ಜತೆ ಬರುವ ಆಣೆ ಪ್ರಮಾಣದ ಬಗ್ಗೆ.

ಈ ಆಣೆ ಪ್ರಮಾಣಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಕಾರನ್ನು ನೋಂದಾಯಿಸಬೇಕು. ಅದೇ ಬ್ರ್ಯಾಂಡಿನ ಎಣ್ಣೆಯನ್ನೇ ಹಾಕಿಸಬೇಕು. ಕಾರು ತಯಾರಕರು ಹೇಳಿದ ಅಂತರಕ್ಕೆ ತಪ್ಪದೆ ಬದಲಿಸಬೇಕು. ಬದಲಿಸಿದ ಪ್ರತಿ ಸಲದ ರಸೀದಿ ಇಡಬೇಕು. 5 ಲಕ್ಷ ಮೈಲಿಗೆ, 5 ಸಾವಿರಕ್ಕೊಂದು ಸಲದಂತೆ, ನೂರು ರಸೀದಿ. ಅಮೆರಿಕದ ಅಂಗಡಿಗಳಲ್ಲಿ ರಸೀದಿ ಬರುವುದು ಥರ್ಮಲ್ ಕಾಗದದಲ್ಲಿ. ನಮ್ಮ ಎಟಿಎಂ ಚೀಟಿಯಂಥದ್ದು. ಡ್ರಾಯರಿನಲ್ಲಿಟ್ಟರೆ ವರ್ಷ ಕಳೆದಂತೆ ಅಕ್ಷರ ಮಾಸಿ ಬಿಳಿಯಾಗುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಕಪ್ಪಾಗುತ್ತದೆ. 15 ವರ್ಷದ ವಾರಂಟಿಗೆ ಸಾಕ್ಷಿ ಹೇಳಬೇಕಾದ ಕಾಗದಕ್ಕೆ ಹದಿನೈದು ತಿಂಗಳ ನೆನಪಿನ ಶಕ್ತಿಯೂ ಇಲ್ಲ.

ಆದರೂ ಈ ಪರೀಕ್ಷೆಯಲ್ಲಿ ಪಾಸಾಗುವವರು ಲೋಕದಲ್ಲಿ ಯಾರಾದರೂ ಇದ್ದರೆ ಅದು ನಾವೇ ಎಂದು ನನ್ನ ನಂಬಿಕೆ. 1987ರ ಕರೆಂಟ್ ಬಿಲ್ಲನ್ನು ಟ್ರಂಕಿನ ತಳದಲ್ಲಿ ಇಂದಿಗೂ ಇಟ್ಟುಕೊಂಡಿರುವ ಜನ ನಾವು. ಖಾತಾ ಮಾಡಿಸಲು, ಪಹಣಿ ತಿದ್ದಿಸಲು, ಸತ್ತವರ ಹೆಸರು ರೇಷನ್ ಕಾರ್ಡಿನಿಂದ ತೆಗೆಸಲು, ಬದುಕಿರುವವರು ಬದುಕಿದ್ದಾರೆಂದು ಪಿಂಚಣಿ ಕಚೇರಿಗೆ ಒಪ್ಪಿಸಲು ಅಲೆದಲೆದು ಪಳಗಿದ ಕನ್ನಡಿಗನ ಮುಂದೆ ಎಣ್ಣೆ ಕಂಪನಿ ಯಾವ ಲೆಕ್ಕ? ನ್ಯೂ ಜೆರ್ಸಿಯಲ್ಲಿರುವ ನನ್ನ ಭಾವನ ಬಳಿ ಒಂದು ಫೈಲಿದೆ. ಕಾರಿಗೆ ಹಾಕಿಸಿದ ವೈಪರ್ ಬ್ಲೇಡಿನ ಬಿಲ್ಲೂ ಅದರಲ್ಲಿ ತಾರೀಖಿನ ಪ್ರಕಾರ ಕೂತಿದೆ. ಕಾರು ಮಾತ್ರ ಇಷ್ಟು ವರ್ಷವಾದರೂ ಕೆಡಲಿಲ್ಲ ಎಂಬ ಸಣ್ಣ ಬೇಸರ ಭಾವನಿಗಿದೆ.

ಒಂದು ವೇಳೆ ಕೆಟ್ಟಿತು ಎನ್ನೋಣ. ಭಾವ ಫೋನ್ ಮಾಡುತ್ತಾರೆ. ಕರೆ ಹೋಗಿ ಬೀಳುವುದು ನಮ್ಮ ವೈಟ್‌ಫೀಲ್ಡಿನ ಯಾವುದೋ ಒಂಬತ್ತನೇ ಮಹಡಿಗೆ. ರಾತ್ರಿ ಪಾಳಿಯ ಹುಡುಗ ಅಮೆರಿಕದ ಹೆಸರು ಹೇಳಿಕೊಂಡು ಎರಡು ನಿಮಿಷ ಇಂಗ್ಲಿಷ್ ಆಡಿದಾಗ ಇಬ್ಬರಿಗೂ ಅನುಮಾನ ಬರುತ್ತದೆ.

"ಸರ್, ನೀವು ಕನ್ನಡದವರಾ?"

"ಹೌದಪ್ಪಾ, ಹಾಸನದ ಕಡೆ."

"ಹಾಗಾದ್ರೆ ಸಲೀಸಾಯ್ತು ಬಿಡಿ. ಆಯಿಲ್ ಚೇಂಜ್ ರಸೀದಿಗಳು ಎಲ್ಲಾ ಇದ್ಯಾ ಸರ್?"

"ಒಂದೂ ಬಿಟ್ಟಿಲ್ಲ."

"ಒಂದೂನೂ?" ಹುಡುಗನ ಗಂಟಲು ಒಣಗುತ್ತದೆ. ಅವನ ಸ್ಕ್ರೀನಿನಲ್ಲಿ 'ಒಂದೂ ಬಿಟ್ಟಿಲ್ಲ' ಎಂಬ ಉತ್ತರಕ್ಕೆ ಮುಂದಿನ ಹೆಜ್ಜೆಯೇ ಇಲ್ಲ. "ಅಕ್ಷರ ಕಾಣುತ್ತಾ ಸರ್?"

"ಕಾಣದೆ ಏನು? ಮಾಸಬಾರದು ಅಂತ ಎಲ್ಲಾನೂ ಲ್ಯಾಮಿನೇಶನ್ ಮಾಡ್ಸಿದೀನಿ."

ಹುಡುಗ ನಿಟ್ಟುಸಿರು ಬಿಡುತ್ತಾನೆ. "ಥರ್ಮಲ್ ಪೇಪರ್ ಲ್ಯಾಮಿನೇಟ್ ಮಾಡಿದ್ರೆ ಬಿಸಿಗೆ ಪೂರ್ತಿ ಕಪ್ಪಾಗುತ್ತಲ್ಲ ಸರ್. ಒಂದ್ಸಲ ಫೈಲ್ ತೆಗ್ದು ನೋಡಿ."

ಇರಲಿ, ಭಾವ ಜೆರಾಕ್ಸ್ ಕೂಡ ಮಾಡಿಸಿಟ್ಟಿದ್ದರು ಎನ್ನೋಣ, ಹಾಸನದವರು ತಾನೆ. ರಸೀದಿಯ ಕೋಟೆ ದಾಟಿದವರಿಗೆ ಎದುರಾಗುವುದು ಪ್ರಯೋಗಾಲಯ. ವಾರಂಟಿಯಲ್ಲಿ ಬರೆದಿರುವುದು ಎಂಜಿನ್ ಕೆಟ್ಟರೆ ಕೊಡುತ್ತೇವೆ ಎಂದಲ್ಲ, ಎಣ್ಣೆಯ ಕಾರಣದಿಂದ ಕೆಟ್ಟರೆ ಕೊಡುತ್ತೇವೆ ಎಂದು. ಮದುವೆ ಮಾಡಿಸಿದ ಪುರೋಹಿತರು 'ಮಂತ್ರದೋಷದಿಂದ ಸಂಸಾರ ಮುರಿದರೆ ದಕ್ಷಿಣೆ ವಾಪಸ್' ಎಂದು ಬರೆದುಕೊಟ್ಟ ಹಾಗೆ. ಸಂಸಾರ ಮುರಿಯುವುದು ಅತ್ತೆಯಿಂದ, ಸಾಲದಿಂದ, ಸಂಶಯದಿಂದ. ಮಂತ್ರದ ಉಚ್ಚಾರ ತಪ್ಪಿ ಮುರಿದದ್ದನ್ನು ಯಾವ ಕೋರ್ಟೂ ಕಂಡಿಲ್ಲ. ಪುರೋಹಿತರು ಸುಳ್ಳು ಹೇಳಿಲ್ಲ, ದಕ್ಷಿಣೆಯೂ ಭದ್ರವಾಗಿದೆ.

ಎಂಜಿನ್ ಸಾಯುವ ದಾರಿಗಳೂ ಹೀಗೇ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಒಳಗೆ ನುಗ್ಗುತ್ತದೆ. ಟೈಮಿಂಗ್ ಬೆಲ್ಟ್ ತುಂಡಾಗಿ ಪಿಸ್ಟನ್ನು ವಾಲ್ವಿಗೆ ಹೊಡೆಯುತ್ತದೆ. ರೇಡಿಯೇಟರ್ ಸೋರಿ ಎಂಜಿನ್ ಕುದಿಯುತ್ತದೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಮುದ್ರೆ ಹೊತ್ತ, ಕಾರಿನ ಮ್ಯಾನ್ಯುಯಲ್ ಒಪ್ಪುವ ಎಣ್ಣೆ, ಹೊತ್ತಿಗೆ ಸರಿಯಾಗಿ ಬದಲಿಸಿದ ಎಣ್ಣೆ, ತಾನೇ ಕೈಯಾರೆ ಎಂಜಿನ್ ಕೊಲ್ಲುವುದು ಅಪರೂಪದಲ್ಲಿ ಅಪರೂಪ. ಕರಾರು ಪಾಲಿಸಿದವನ ಎಂಜಿನ್ ಎಣ್ಣೆಯಿಂದ ಕೆಡುವುದಿಲ್ಲ, ಎಣ್ಣೆಯಿಂದ ಕೆಟ್ಟ ಎಂಜಿನ್ನಿನವನು ಕರಾರು ಪಾಲಿಸಿರುವುದಿಲ್ಲ. ಇಷ್ಟು ನುಣುಪಾದ ಕರಾರನ್ನು ಬರೆದ ವಕೀಲನಿಗೆ ನಾನು ಮನೆಗೆ ಕರೆದು ಹೋಳಿಗೆ ಬಡಿಸಲು ತಯಾರಿದ್ದೇನೆ.

ನಂಬಿಕೆ ಬಾರದಿದ್ದರೆ ಹಳೇ ಎಣ್ಣೆಯ ಪರೀಕ್ಷಾ ವರದಿ ಓದಿ. ಲೋಟದಷ್ಟು ಕರಿ ಎಣ್ಣೆ ಕಳಿಸಿದರೆ ಲ್ಯಾಬಿನವರು ಅದರಲ್ಲಿ ಹತ್ತು ಲಕ್ಷಕ್ಕೆ ಎಷ್ಟು ಪಾಲು ಕಬ್ಬಿಣ, ಎಷ್ಟು ತಾಮ್ರ ಎಂದು ಬರೆದು ಕಳಿಸುತ್ತಾರೆ. ಸಿಲಿಕಾನ್ ಜಾಸ್ತಿಯೇ? ಧೂಳು ನುಗ್ಗಿದೆ, ಏರ್ ಫಿಲ್ಟರ್ ನೋಡಿಕೊಳ್ಳಲಿಲ್ಲ, ತಪ್ಪು ನಿಮ್ಮದು. ಸೋಡಿಯಂ, ಪೊಟ್ಯಾಸಿಯಂ ಇವೆಯೇ? ಕೂಲೆಂಟ್ ಸೋರಿದೆ, ಗ್ಯಾಸ್ಕೆಟ್ ಮಾಡಿದವನನ್ನು ಕೇಳಿ. ಪೆಟ್ರೋಲ್ ಬೆರೆತಿದೆಯೇ? ಇಂಜೆಕ್ಟರ್ ದೋಷ, ಇಲ್ಲವೇ ನೀವು ಮನೆಯಿಂದ ಹಾಲಿನಂಗಡಿಗೆ ಮಾತ್ರ ಕಾರು ತೆಗೆಯುತ್ತೀರಿ. ಆವರ್ತ ಕೋಷ್ಟಕದಲ್ಲಿರುವ ಒಂದೊಂದು ಮೂಲವಸ್ತುವೂ ಬೇರೆ ಯಾರ ಕಡೆಗೋ ಬೆರಳು ತೋರಿಸುತ್ತದೆ. 'ಇದು ಎಣ್ಣೆಯದೇ ತಪ್ಪು' ಎಂದು ಸಾಕ್ಷಿ ಹೇಳುವ ಲೋಹವನ್ನು ರಸಾಯನಶಾಸ್ತ್ರ ಇನ್ನೂ ಕಂಡುಹಿಡಿಯಬೇಕಿದೆ.

ಇನ್ನೊಂದು ಚಂದದ ಲೆಕ್ಕ ಇದೆ. ಸಾವಿರ ಮೈಲಿಗೆ ಒಂದು ಕ್ವಾರ್ಟ್, ಅಂದರೆ ಲೀಟರಿಗೆ ಸ್ವಲ್ಪ ಕಡಿಮೆ, ಎಣ್ಣೆ ಕುಡಿದರೂ ಅದು ಸಹಜ ಎನ್ನುವ ಕಾರು ಕಂಪನಿಗಳಿವೆ. ಎಂಜಿನ್ನಿನಲ್ಲಿ ಹಿಡಿಯುವುದೇ ಸುಮಾರು ಐದು ಕ್ವಾರ್ಟ್. ಎಣ್ಣೆ ಬದಲಿಸುವುದು 5 ಸಾವಿರ ಮೈಲಿಗೆ ಎಂದಿಟ್ಟುಕೊಳ್ಳಿ. ನೀವು ಶಿಸ್ತಾಗಿ ಗ್ಯಾರೇಜ್ ತಲುಪುವ ಹೊತ್ತಿಗೆ ಬದಲಿಸಲು ಒಳಗೆ ಎಣ್ಣೆಯೇ ಉಳಿದಿರುವುದಿಲ್ಲ. ಕಾರು ಕಂಪನಿಯ ಪ್ರಕಾರ ಎಂಜಿನ್ ಆರೋಗ್ಯವಾಗಿದೆ. ಎಣ್ಣೆ ಕಂಪನಿಯ ಪ್ರಕಾರ ಇಲ್ಲದ ಎಣ್ಣೆಗೆ ವಾರಂಟಿ ಇಲ್ಲ. ನಡುವೆ ಡಿಪ್‌ಸ್ಟಿಕ್ ಎಳೆದು ನೋಡದ ಪಾಪಿ ಒಬ್ಬನೇ ಉಳಿದ, ಅವನು ನೀವು.

ಕಾರು ಕಂಪನಿಗಳೂ ಇದೇ ಗರಡಿಯ ಜಟ್ಟಿಗಳು. 1997ರಿಂದ 2002ರವರೆಗಿನ ಕೆಲವು ಟೊಯೋಟಾ ಮಾಡೆಲ್‌ಗಳಲ್ಲಿ, ಕ್ಯಾಮ್ರಿಯಂಥ ಸಾಧುಪ್ರಾಣಿಯಲ್ಲೂ, ಎಣ್ಣೆ ಹೆಪ್ಪುಗಟ್ಟಿ ಎಂಜಿನ್ ಕೈಕೊಡಲು ಶುರುವಾಯಿತು. ಕಂಪನಿಯ ಮೊದಲ ಉತ್ತರ ಏನಿರಬಹುದು ಹೇಳಿ? ಮಾಲೀಕರು ಎಣ್ಣೆ ಸರಿಯಾಗಿ ಬದಲಿಸಿಲ್ಲ. ಗಲಾಟೆ ಜೋರಾದ ಮೇಲೆ 2002ರಲ್ಲಿ ಸುಮಾರು 33 ಲಕ್ಷ ಕಾರುಗಳಿಗೆ, ಕೊಂಡ ದಿನದಿಂದ 8 ವರ್ಷದವರೆಗೆ ಹೆಪ್ಪಿನ ರಿಪೇರಿ ಮಾಡಿಕೊಡುತ್ತೇವೆ ಎಂದು ಒಪ್ಪಿಕೊಂಡಿತು. 33 ಲಕ್ಷ ಮನೆಗಳಲ್ಲಿ ಒಂದೇ ಸಲಕ್ಕೆ ಸೋಮಾರಿಗಳು ಹುಟ್ಟಿದ್ದಾರೆ ಎಂಬ ವಾದ ಅಲ್ಲಿಗೆ ಬಿದ್ದುಹೋಯಿತು. ದುಡ್ಡು ಬಂದದ್ದು ಹೀಗೆ: ವಾರಂಟಿ ಪತ್ರ ಓದಿ ಅಲ್ಲ, ಗುಂಪು ಕಟ್ಟಿ ಕೂಗಿ. ಒಬ್ಬನೇ ಹೋದರೆ ಅದು ದೂರು, ಲಕ್ಷಾಂತರ ಜನ ಹೋದರೆ 'ಗ್ರಾಹಕ ಬೆಂಬಲ ಯೋಜನೆ'. ಟೊಯೋಟಾ ಇಟ್ಟ ಹೆಸರು ಅದೇ, ನನ್ನ ಕುಹಕ ಅಲ್ಲ.

ಹಾಗೆಂದು ಅಮೆರಿಕದಲ್ಲಿ ಕಾನೂನಿಲ್ಲವೇ? ಧಾರಾಳವಾಗಿದೆ. 1975ರ ಮ್ಯಾಗ್ನಸನ್-ಮಾಸ್ ಕಾಯಿದೆ ಪ್ರಕಾರ ನಮ್ಮ ಬ್ರ್ಯಾಂಡಿನ ಎಣ್ಣೆ ಹಾಕಿದರೆ ಮಾತ್ರ ಕಾರಿನ ವಾರಂಟಿ ಎಂದು ಕಾರು ಕಂಪನಿ ಷರತ್ತು ಹಾಕುವಂತಿಲ್ಲ, ಆ ಎಣ್ಣೆಯನ್ನು ಪುಕ್ಕಟೆ ಕೊಡದ ಹೊರತು. ವಾರಂಟಿ ಪೂರ್ಣವೋ ಸೀಮಿತವೋ ಎಂದು ತಲೆಬರಹದಲ್ಲೇ ಬರೆಯಬೇಕು ಎನ್ನುವುದೂ ಅದೇ ಕಾಯಿದೆ. ಎಣ್ಣೆ ಕಂಪನಿಗಳು ವಿಧೇಯವಾಗಿ 'ಸೀಮಿತ' ಎಂದು ಬರೆದಿವೆ. ಎಷ್ಟು ಸೀಮಿತ ಎಂದು ಕೇಳುವ ಹಕ್ಕು ನಿಮಗಿದೆ, ಬಿಡುವು ಮಾತ್ರ ಇಲ್ಲ.

ಎಣ್ಣೆಯ ಕಡೆಯಿಂದ ದುಡ್ಡು ಹೊರಬಂದ ಒಂದು ದೊಡ್ಡ ಪ್ರಸಂಗ ನೆನಪಾಗುತ್ತದೆ. ಎಂಜಿನ್ ಎಣ್ಣೆಗೆ ಬೆರೆಸಿಕೊಳ್ಳುವ ಸ್ಲಿಕ್ 50 ಎಂಬ ದ್ರವ. ಅದರಲ್ಲಿ ಇದ್ದದ್ದು ನಾನ್‌ಸ್ಟಿಕ್ ದೋಸೆ ಕಾವಲಿಗೆ ಬಳಿಯುವಂಥದೇ ವಸ್ತು. ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ಎಂಜಿನ್‌ಗೆ ದಿಕ್ಕು ದೆಸೆ ಇರುವುದಿಲ್ಲ, ನಾವೇ ಕಾಪಾಡುವವರು ಎಂಬ ಧಾಟಿಯ ಜಾಹೀರಾತು. 1996ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಮಾತುಗಳಿಗೆ ಆಧಾರ ಎಲ್ಲಿ ಎಂದು ಕೇಳಿತು. ಸ್ಲಿಕ್ 50 ಆಗ ಕ್ವೇಕರ್ ಸ್ಟೇಟ್ ಎಂಬ ಎಣ್ಣೆ ಕಂಪನಿಯ ಮಡಿಲಲ್ಲಿತ್ತು. ಮರುವರ್ಷ ರಾಜಿಯಾಯಿತು, ಗ್ರಾಹಕರ ಪರಿಹಾರಕ್ಕೆ 1 ಕೋಟಿ ಡಾಲರ್ ಲೆಕ್ಕ. ಗಮನಿಸಿ, ಇದು ಯಾರ ಎಂಜಿನ್ನೋ ಕೆಟ್ಟಿತೆಂದು ತೆತ್ತ ದುಡ್ಡಲ್ಲ, ಜಾಹೀರಾತು ಬರೆದವನ ನಾಲಿಗೆ ಜಾರಿತೆಂದು ತೆತ್ತದ್ದು. ನಾಲಿಗೆ ಜಾರುವುದನ್ನು ತಡೆಯುವ ಎಣ್ಣೆ ಯಾವ ಕಂಪನಿಯಲ್ಲೂ ಇಲ್ಲ.

ನಮ್ಮಲ್ಲಿ ಜೀವವಿಮಾ ಕಂಪನಿಗಳು ಬಂದ ಕ್ಲೇಮುಗಳಲ್ಲಿ ನೂರಕ್ಕೆ ಎಷ್ಟು ಇತ್ಯರ್ಥ ಮಾಡಿದವು ಎಂಬುದನ್ನು ವಿಮಾ ನಿಯಂತ್ರಣ ಪ್ರಾಧಿಕಾರ ವರ್ಷವರ್ಷವೂ ಅಚ್ಚು ಹಾಕಿಸುತ್ತದೆ. ಅಂಕಿ ಚೆನ್ನಾಗಿದ್ದವರು ಅದನ್ನೇ ಫ್ಲೆಕ್ಸ್ ಮಾಡಿಸಿ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟುತ್ತಾರೆ. ಸಾಯುವ ಮನುಷ್ಯನ ವಿಷಯದಲ್ಲೇ ಇಷ್ಟು ಪಾರದರ್ಶಕತೆ ಇರುವಾಗ, 'ಕಳೆದ ವರ್ಷ ಇಷ್ಟು ಎಂಜಿನ್‌ಗಳಿಗೆ ಹಣ ಕೊಟ್ಟೆವು' ಎಂದು ಬೀಗುವ ಒಂದು ಎಣ್ಣೆ ಜಾಹೀರಾತನ್ನಾದರೂ ನಾನು ಕಾಣಬೇಕಿತ್ತು. ಕೊಟ್ಟ ದಾನವನ್ನು ಇಷ್ಟು ಗುಟ್ಟಾಗಿ ಇಡುವ ಸಂಸ್ಥೆಗಳು ಜಾಹೀರಾತಿಗೆ ಸುರಿಯುವ ದುಡ್ಡನ್ನು ನೋಡಿದರೆ, ವಿನಯ ಅವರ ಹುಟ್ಟುಗುಣ ಎಂದು ಹೇಳಲು ಬಾಯಿ ಬಾರದು.

ಬಹುಮಾನದ ಕತೆ ಬೇರೆ. ಬಹುಮಾನ ಸಿಗುತ್ತದೆ, ಸಿಕ್ಕಿದೆ, ಫೋಟೊ ಸಮೇತ. ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನ ವಿಜ್ಞಾನದ ಮೇಷ್ಟ್ರು ಇರ್ವ್ ಗಾರ್ಡನ್ 1966ರಲ್ಲಿ 4,150 ಡಾಲರ್ ಕೊಟ್ಟು ಕೆಂಪು ವೋಲ್ವೊ ಪಿ1800 ಕೊಂಡರು. 1987ರಲ್ಲಿ ಅದು 10 ಲಕ್ಷ ಮೈಲಿ ದಾಟಿತು, 2002ರಲ್ಲಿ 20 ಲಕ್ಷ, 2013ರಲ್ಲಿ ಅಲಾಸ್ಕಾದ ರಸ್ತೆಯಲ್ಲಿ 30 ಲಕ್ಷ. ಮೊದಲೆರಡು ಮೈಲಿಗಲ್ಲಿಗೆ ಹೊಸ ಕಾರು ಕೊಟ್ಟು ಸನ್ಮಾನಿಸಿದ್ದು ವೋಲ್ವೊ. ಈಗ ನಮ್ಮ 5 ಲಕ್ಷದ ವಾರಂಟಿಯನ್ನು ಮೇಷ್ಟ್ರ ಕಾರಿಗೆ ಹಿಡಿದು ನೋಡಿ. ಅವರ ಎಂಜಿನ್ ಮೊದಲ ಸಲ ಬಿಚ್ಚಿದ್ದು 6 ಲಕ್ಷದ 80 ಸಾವಿರ ಮೈಲಿಗೆ. ಜಗತ್ತಿನ ಎಲ್ಲರಿಗಿಂತ ಹೆಚ್ಚು ಓಡಿಸಿದ ಪುಣ್ಯಾತ್ಮನಿಗೂ ನಯಾಪೈಸೆ ದಕ್ಕುತ್ತಿರಲಿಲ್ಲ.

ಮರ್ಸಿಡಿಸ್‌ನವರು ಎರಡೂವರೆ ಲಕ್ಷ ಕಿಲೋಮೀಟರಿನಿಂದ ಹಿಡಿದು 10 ಲಕ್ಷದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಿಲ್ಲೆ ಕೊಡುತ್ತಿದ್ದರು, ಮುಂದಿನ ಗ್ರಿಲ್ಲಿಗೆ ಸಿಕ್ಕಿಸಿಕೊಳ್ಳಲು. ಗ್ರೀಸಿನ ಟ್ಯಾಕ್ಸಿ ಚಾಲಕನೊಬ್ಬ 1976ರ 240ಡಿ ಕಾರನ್ನು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಗೆ ಒಪ್ಪಿಸಿದಾಗ, ಅವರು ಹೊಸ ಸಿ-ಕ್ಲಾಸ್ ಕೊಟ್ಟು ಹಳೆಯದನ್ನು ತಮ್ಮ ಮ್ಯೂಸಿಯಂಗೆ ಇಟ್ಟುಕೊಂಡರು. 2018ರಲ್ಲಿ ಕಾನ್ಸಸ್‌ನ ಡೆಲಿವರಿ ಚಾಲಕಿಯೊಬ್ಬರು ಹ್ಯುಂಡೈ ಎಲಾಂಟ್ರಾದಲ್ಲಿ 10 ಲಕ್ಷ ಮೈಲಿ ಮುಗಿಸಿದರು. ಓಡೋಮೀಟರ್ 9,99,999ಕ್ಕೆ ನಿಂತುಹೋಗಿತ್ತು. ಇಷ್ಟು ದೂರ ಯಾರಾದರೂ ಬಂದಾರು ಎಂದು ಅದನ್ನು ಮಾಡಿದವರಿಗೇ ನಂಬಿಕೆ ಇರಲಿಲ್ಲ. ಕಂಪನಿ ಗ್ಯಾರೇಜ್ ದಾಖಲೆಗಳನ್ನೆಲ್ಲ ತಾಳೆ ನೋಡಿ, ಆಮೇಲೆ ಹೊಸ ಕಾರಿನ ಕೀ ಕೊಟ್ಟಿತು. ಈ ಮೂರೂ ಸನ್ಮಾನಗಳಲ್ಲಿ ಹಾರ ಹಾಕಿದವರು ಕಾರು ಕಂಪನಿಗಳು. ಕೊಟ್ಟದ್ದು ಒಂದು ಕಾರು, ಪಡೆದದ್ದು ದೇಶಾದ್ಯಂತ ಟೀವಿಯಲ್ಲಿ ಪುಕ್ಕಟೆ ಪ್ರಚಾರ. ಕೆಡದ ಎಂಜಿನ್ ಜಾಹೀರಾತು, ಆದ್ದರಿಂದ ಅದಕ್ಕೆ ಬಹುಮಾನ. ಕೆಟ್ಟ ಎಂಜಿನ್ ಬರೀ ಖರ್ಚು, ಆದ್ದರಿಂದ ಅದಕ್ಕೆ ನಮೂನೆ, ಅರ್ಜಿ, ಲ್ಯಾಬ್.

ಇಷ್ಟೆಲ್ಲ ಓದಿ, ಎಣ್ಣೆ ಕಂಪನಿಗಳ ಕೈಯಿಂದ ಪೈಸೆ ಬಿಚ್ಚುವುದೇ ಇಲ್ಲ ಎಂದುಕೊಂಡರೆ ತಪ್ಪು. ಬಿಚ್ಚುತ್ತದೆ, ಭಾರತದಲ್ಲಂತೂ ದಿನವೂ ಬಿಚ್ಚುತ್ತದೆ. ಕೊಡುವುದು ಮೆಕ್ಯಾನಿಕ್‌ಗೆ. ಒಂದು ಕಾಲದಲ್ಲಿ ಎಣ್ಣೆ ಡಬ್ಬದೊಳಗೆ ಕೂಪನ್ ಇರುತ್ತಿತ್ತು, ಈಗ ಮುಚ್ಚಳದ ಹತ್ತಿರ ಕ್ಯೂಆರ್ ಕೋಡ್. ಮೆಕ್ಯಾನಿಕ್ ಮೊಬೈಲ್ ಹಿಡಿದರೆ ಪಾಯಿಂಟ್ ಜಮಾ. ನೋಂದಣಿ ಒಂದೇ ಸಲ, ರಸೀದಿ ಬೇಡ, ಲ್ಯಾಬ್ ಬೇಡ, 15 ವರ್ಷ ಕಾಯುವುದೂ ಬೇಡ. ಯಾವ ಎಣ್ಣೆ ಒಳ್ಳೆಯದು ಎಂದು ನೀವು ಕೇಳಿದಾಗ ಅವನು ಕ್ಷಣವೂ ಯೋಚಿಸದೆ ಒಂದು ಹೆಸರು ಹೇಳುತ್ತಾನಲ್ಲ, ಆ ಆತ್ಮವಿಶ್ವಾಸದ ಬೇರು ಅಲ್ಲಿದೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

ಮೊನ್ನೆ ನಮ್ಮ ಬೀದಿಯ ಗ್ಯಾರೇಜಿನಲ್ಲಿ ಇದೇ ಮಾತು ಬಂತು. ಹುಡುಗ ಡಬ್ಬದ ಸೀಲು ಕಿತ್ತು, ಎಣ್ಣೆ ಸುರಿಯುವ ಮೊದಲೇ ಕೋಡ್ ಸ್ಕ್ಯಾನ್ ಮಾಡಿದ. ಮೊಬೈಲ್ ಟಿಣ್ ಎಂದಿತು.

"ಇದು ನನಗೆ ಬರಬೇಕಾದ್ದಲ್ವೇನಪ್ಪ? ಡಬ್ಬಕ್ಕೆ ದುಡ್ಡು ಕೊಟ್ಟೋನು ನಾನು."

"ನೀವು ಸ್ಕ್ಯಾನ್ ಮಾಡಿದ್ರೆ ತಗೊಳ್ಳಲ್ಲ ಸಾರ್, ಮೆಕ್ಯಾನಿಕ್ ನಂಬರ್ ಕೇಳುತ್ತೆ." ಹೋದ ವರ್ಷದ ಪಾಯಿಂಟಿಗೆ ಮಿಕ್ಸಿ ಬಂತು, ಮೂರು ಜಾರಿಂದು ಎಂದೂ ಹೇಳಿದ.

"ಅಲ್ಲಪ್ಪ, ಎಂಜಿನ್‌ಗೆ ಏನಾದ್ರೂ ಆದ್ರೆ ಎಣ್ಣೆ ಕಂಪನಿಯೋರು ಏನಾದ್ರೂ ಕೊಡ್ತಾರಾ?"

ಅವನು ಫನೆಲ್ ಹಿಡಿದುಕೊಂಡೇ ನನ್ನನ್ನು ಕನಿಕರದಿಂದ ನೋಡಿದ. "ಎಂಜಿನ್‌ಗೆ ಏನಾದ್ರೂ ಆದ್ರೆ ನನ್ ಹತ್ರ ಬನ್ನಿ ಸಾರ್." ಆಮೇಲೆ ಎಣ್ಣೆಗೈಯಲ್ಲೇ ಒಂದು ಕಾರ್ಡು ತೆಗೆದು, ಮುಂದಿನ ಆಯಿಲ್ ಚೇಂಜ್ ಎಂಬಲ್ಲಿ ಅಂಕಿ ಬರೆದು ಕನ್ನಡಿಗೆ ನೇತುಹಾಕಿದ. ಈಗಿನ ಓಡೋಮೀಟರಿಗೆ 5 ಸಾವಿರ ಮಾತ್ರ ಕೂಡಿಸಿದ್ದ.

"ಮ್ಯಾನ್ಯುಯಲ್‌ನಲ್ಲಿ ಹತ್ತು ಸಾವಿರ ಅಂತ ಇದೆಯಲ್ಲೋ?"

"ಅದನ್ನ ಬರ್ದೋರು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಿಲ್ಲ ಸಾರ್."

ಮನೆಗೆ ಬಂದು ಮ್ಯಾನ್ಯುಯಲ್ ತೆಗೆದು ಜಗಳಕ್ಕೆ ತಯಾರಾದೆ. ಕೊನೆಯ ಪುಟಗಳ ಸಣ್ಣಕ್ಷರದಲ್ಲಿ ಅವನ ಮಾತೇ ಇತ್ತು: ಧೂಳು, ಬಿಸಿಲು, ನಿಂತು ಹೊರಡುವ ಟ್ರಾಫಿಕ್ ಇದ್ದರೆ ಎಣ್ಣೆಯನ್ನು ಬೇಗ ಬದಲಿಸಿ ಎಂದು. ಮಿಕ್ಸಿಯ ಮೇಲೆ ಈಗ ಗ್ರೈಂಡರ್ ಎಷ್ಟು ಪಾಯಿಂಟಿಗೆ ಬರುತ್ತದೆ ಎಂದು ಅವನನ್ನೇ ಕೇಳಬೇಕು.